ಹದಿನೆಂಟು ನೂರರೊಳಗೆ

‘ಫೋನಿನಲ್ಲೇ ಉಂಟಲ್ಲ ಮಾರಾಯ, ಬೇರೆ ಎಂತಕ್ಕೆ?’
ಅಂದ ಡ್ರೈವರ್ ನೋಣಯ್ಯ, ಗಿಯರ್ ಬದಲಿಸುತ್ತ.
ಉಂಟು. ಆದರೆ ಫೋನಿಗೆ ಕಣ್ಣಿಗಿಂತ ಬಾಯಿ ಜಾಸ್ತಿ;
ಮಿಂಚುಳ್ಳಿಗೆ ಹಿಡಿದರೆ
ಸೊಸೈಟಿಯ ಸಾಲದವ ಕರೆಯುತ್ತಾನೆ.
ನನ್ನ ಯಕ್ಷಿತಾಳಿಗೆ ಬೇಕಾದ್ದು
ನೋಡುವುದೊಂದನ್ನೇ ಬಲ್ಲ ವಸ್ತು.

ಟಿಕೇಟಿನ ಹಣವಲ್ಲ, ಮೊದಲೇ ಹೇಳುತ್ತೇನೆ,
ಅದು ಧಣಿಯದ್ದು.
ಇದು ಆರು ತಿಂಗಳ ಗೋಳಿಬಜೆ, ಸಂಜೆಯ ಚಹಾ,
ಒಂದು ಜೊತೆ ಚಪ್ಪಲಿ.

ಹಂಪನಕಟ್ಟೆಯ ಕಾಂಪ್ಲೆಕ್ಸೊಂದರ ಮೆಟ್ಟಿಲ ಕೆಳಗೆ
ಇಮ್ತಿಯಾಜನ ಅಂಗಡಿ.
ನಿಂತರೆ ಮೂರು ಜನ, ಕೂತರೆ ಒಬ್ಬ.
ಗಾಜಿನ ಮೇಲೆ ಮೂರನ್ನಿಟ್ಟ.

ಒಂದಕ್ಕೆ ಮೊಲದ ಕಿವಿ, ಗುಲಾಬಿ ಮೈ,
ಪೆಟ್ಟಿಗೆಯ ತುಂಬ ನಲವತ್ತೆಂಟು, ನಲವತ್ತೆಂಟು.
‘ನಲವತ್ತೆಂಟು ಎಂತದ್ದು?’
‘ಅದು ಪೆಟ್ಟಿಗೆಗೆ ಮಾತ್ರ ಅಣ್ಣ, ಒಳಗೆ ಅಷ್ಟಿಲ್ಲ.’
ಮಾರುವವನೇ ಹೀಗೆಂದರೆ ಕೊಳ್ಳುವವ ಎಲ್ಲಿಗೆ ಹೋಗಬೇಕು?

ಇನ್ನೊಂದು ಬೆಳ್ಳಿಬಣ್ಣ, ಬಿಸ್ಕುಟಿನಷ್ಟು ತೆಳು.
ಬ್ಯಾಟರಿ ಸತ್ತರೆ ಬೇರೆ ಸಿಗುವುದಿಲ್ಲವಂತೆ,
ಕಂಪೆನಿಯೇ ಮರೆತುಬಿಟ್ಟಿದೆಯಂತೆ.

ಮೂರನೆಯದು ದಪ್ಪ, ಕಪ್ಪು, ಒಂದು ಮೂಲೆ ಜಜ್ಜಿದ್ದು.
ಯಾರದೋ ಸೂಟ್‌ಕೇಸಿನಲ್ಲಿ ದುಬೈಯಿಂದ ಬಂದು
ಇಲ್ಲಿ ಬಿದ್ದಿದೆ. ಎರಡು ಪೆನ್ಸಿಲ್ ಸೆಲ್ಲು ಸಾಕು,
ಸುರತ್ಕಲ್ಲಿನ ಗೂಡಂಗಡಿಯಲ್ಲೂ ಸಿಗುತ್ತದೆ.

ನಾನು ಲೆಕ್ಕ ಹಾಕುತ್ತಿದ್ದೆ.
ಅವಳು ಪರದೆಯನ್ನು ನೋಡಲೇ ಇಲ್ಲ.
ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದಳು,
ಬಲಿತ ತೆಂಗಿನಕಾಯಿ ನೋಡುವ ಹಾಗೆ.
ಕಪ್ಪಿನ ಗುಂಡಿ ಒತ್ತಿದಾಗ ಜುಂಯ್ ಎಂದು
ಮೂತಿ ಹೊರಬಂತು, ಮಳೆಗಾಲದ ನರ್ತೆಯಂತೆ,
ಒಂದು ಗಳಿಗೆ ಕಾದು, ಏನೂ ಸಿಗದೆ ಒಳಗೆ ಹೋಯಿತು.
‘ಇದಕ್ಕೆ ನಿದ್ದೆ ಬರ್ತದೆ ಅಪ್ಪ. ಇದೇ ಇರಲಿ.’

ಎರಡು ಸಾವಿರದ ಇನ್ನೂರು ಅಂದ.
ನನ್ನಲ್ಲಿದ್ದದ್ದು ಹದಿನೆಂಟು ನೂರು, ಎಲ್ಲ ಹತ್ತು, ಇಪ್ಪತ್ತು,
ಉದ್ದಕ್ಕೆ ಮಡಚಿದ್ದು; ಬೆರಳಿಗೆ ಬೇರೆ ಮಡಿಕೆ ಗೊತ್ತಿಲ್ಲ.
‘ಇದೆಂತ ಅಣ್ಣ, ಇಡೀ ಬಸ್ಸನ್ನೇ ತಂದಿದ್ದೀರಿ’
ಎಂದು ನಗುತ್ತ ಎಣಿಸಿದ. ಉಳಿದದ್ದು ಕೇಳಲಿಲ್ಲ.
ಹಳೆಯದೊಂದು ಕಾರ್ಡನ್ನೂ ತುರುಕಿ ತೋರಿಸಿದ:
ಇದು ದೂರದ್ದು ಹತ್ತಿರ, ಇದು ಕಸದ ಬುಟ್ಟಿ,
ಇದು ಬೀಗ. ಹಾಕಿದರೆ ಆ ಫೋಟೋ ಅಳಿಯುವುದಿಲ್ಲ,
ತೆಗೆಯಲು ಎಡಗಡೆಯದ್ದು ಎರಡು ಸಲ.
ತಲೆಯಾಡಿಸಿದೆ, ‘ಕಾಟಿಪಳ್ಳ ಹೋಗ್ತದಾ?’ ಎಂದವರಿಗೆ
ಆಡಿಸುವಷ್ಟೇ. ಬೀಗ ಹಾಕುವಂಥ ಫೋಟೋ
ನಮ್ಮಲ್ಲಿ ಎಂತ ಉಂಟು?

ಒಂದು ವಾರದ ಮಂಗಳೂರು, ಎಂಟು ವರ್ಷದ ಎತ್ತರದಿಂದ:
ಮೊಣಕಾಲುಗಳು. ಲುಂಗಿಯ ಅಂಚು.
ಬಂಗುಡೆ ಬುಟ್ಟಿಯ ತಳದಿಂದ ತೊಟ್ಟಿಕ್ಕುವ ನೀರು.
ಸ್ಟೇಟ್‌ಬ್ಯಾಂಕಿನಲ್ಲಿ ನಿಂತ ಬಸ್ಸಿನ ಹೊಟ್ಟೆ.
ನನ್ನ ಗದ್ದ, ಕೆಳಗಿನಿಂದ; ಮೂಗಿನ ಎರಡು ಗುಹೆ;
ಸೀಟಿ, ಬಾಯಿಗಿಂತ ದೊಡ್ಡದು.
ಹನ್ನೊಂದು ಸಲ ಒಂದೇ ಬೆಕ್ಕಿನ ಬಾಲ.

ಆಮೇಲೆ ಸುಕನ್ಯಾಳ ಕೈ.

ಗೇರುಬೀಜದ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷ.
ಮದುವೆಮನೆಗಳ ಆಲ್ಬಮ್ಮಿನಲ್ಲಿ ಹುಡುಕಿ ನೋಡಿ:
ಮುಖ ಉಂಟು, ಕೈ ಇಲ್ಲ.
ಸೆರಗಿನೊಳಗೆ, ಮಗಳ ಬೆನ್ನ ಹಿಂದೆ,
ಊಟದ ಫೋಟೋಕ್ಕೆ ಬಂದರೆ ಎಲೆಯ ಅಡಿಗೆ.
ಇಲ್ಲಿ ಎರಡೂ, ನೀರುದೋಸೆಯ ಹಿಟ್ಟಿನಿಂದ ಆಗಷ್ಟೇ ಎದ್ದು,
ಬಿಳಿಯ ಕೆಳಗೆ ಕಪ್ಪು, ಉಗುರ ಸುತ್ತ ಎಣ್ಣೆ ಸುಟ್ಟ ಸಿಪ್ಪೆ,
ಪರದೆಯ ಈ ತುದಿಯಿಂದ ಆ ತುದಿಯವರೆಗೆ.

‘ಇಶ್ಶಿ,’ ಅಂದಳು, ‘ಇದನ್ನು ಯಾರಾದರೂ ತೆಗೀತಾರಾ?’
ಕಸದ ಬುಟ್ಟಿ ಹುಡುಕಿ ಒತ್ತಿದಳು.
ಬೀಪ್. ಮತ್ತೆ ಒತ್ತಿದಳು. ಬೀಪ್.
ಮೇಲಿನ ಮೂಲೆಯಲ್ಲಿ ಜೀರಿಗೆಯಷ್ಟು ಒಂದು ಬೀಗ.
ಹುಡುಗಿ ಮಲಗಿದ್ದಾಳೆ,
ಮಣಿಕಟ್ಟಿನಲ್ಲಿ ದಾರದ ಗುರುತು.
ಗಾಜಿನ ಅಂಚಿಗೆ ಗದ್ದ ಊರಿ ಅವಳೂ ಕೇಳಿದ್ದಳು,
ನಾನು ಲಕ್ಷ್ಯ ಕೊಟ್ಟಿರಲಿಲ್ಲ.

‘ಇದನ್ನು ತೆಗೆಯುವುದು ಹೇಗೆ, ನಿಮಗೆ ಗೊತ್ತುಂಟಾ?’

ಎಡಗಡೆಯದ್ದು. ಎರಡು ಸಲ.

‘ಗೊತ್ತಿಲ್ಲ’ ಅಂದೆ.
ಸೆಲ್ಲು ಎರಡನ್ನೂ ಹೊರಗೆ ತೆಗೆದು
ಚಾರ್ಜಿಗೆ ಇಟ್ಟೆ.